ಕೇಪಿನ ಕೋವಿಯ ಮಸಿ

ಕೇಪಿನ ಕೋವಿಯ ಮಸಿ ಎಂಬುದು ನಳಿಗೆಯ ಬಾಯಿಯಿಂದ ತುಂಬುವ ಕೋವಿಗಳಲ್ಲಿ ಬಳಸುವ ಕರಿಮದ್ದಿಗೆ ಮಲೆನಾಡಿನಲ್ಲಿ ರೂಢಿಯಲ್ಲಿರುವ ಹೆಸರು. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಕೃಷಿಕ ಮನೆಗಳಲ್ಲಿ ಈ ಬಗೆಯ ಕೋವಿಗಳು ಹಿಂದೆ ಬೇಟೆಗೆ ಬಳಕೆಯಾಗುತ್ತಿದ್ದವು. ಬೇಟೆ ಕಾನೂನಿನಿಂದ ನಿಷಿದ್ಧವಾದ ಮೇಲೆ ಅವು ಪರವಾನಗಿಯ ಮಿತಿಯೊಳಗೆ ಬೆಳೆರಕ್ಷಣೆಯ ಸಾಧನಗಳಾಗಿ ಉಳಿದಿವೆ. ಕೋವಿಗೆ ಯಾವ ಮದ್ದು ತಕ್ಕದ್ದು ಎಂಬುದು ಗುರಿಯ ಪ್ರಶ್ನೆಯಾಗುವುದಕ್ಕಿಂತ ಮೊದಲು ಕೋವಿ ಹಿಡಿದವನ ಕೈ ಮತ್ತು ಕಣ್ಣುಗಳ ಪ್ರಶ್ನೆ. ತಪ್ಪು ಮದ್ದು ತುಂಬಿದ ನಳಿಗೆ ಸಿಡಿಯುವುದು ಅದನ್ನು ಹಿಡಿದವನ ಮುಖದ ಬಳಿಯಲ್ಲಿ.

ಕೋವಿಯ ಸ್ವರೂಪ

ಮಲೆನಾಡಿನಲ್ಲಿ ಕೋವಿಗಳನ್ನು ಸ್ಥೂಲವಾಗಿ ಕೇಪಿನ ಕೋವಿ ಮತ್ತು ತೋಟಾ ಕೋವಿ ಎಂದು ವಿಂಗಡಿಸುತ್ತಾರೆ. ತೋಟಾ ಕೋವಿಯನ್ನು ಹಿಂಭಾಗದಲ್ಲಿ ಮಡಚಿ ಕಾರ್ಖಾನೆಯಲ್ಲಿ ತಯಾರಾದ ತೋಟಾ ಹಾಕಲಾಗುತ್ತದೆ. ಕೇಪಿನ ಕೋವಿಯ ನಳಿಗೆಗೆ ಹಿಂಬದಿಯಲ್ಲಿ ಬಾಯಿಲ್ಲ. ಮಸಿ, ಅದರ ಮೇಲೆ ತೆಂಗಿನ ನಾರು ಅಥವಾ ಬಟ್ಟೆಯ ಬೆಣೆ, ಬಳಿಕ ಚರೆ ಅಥವಾ ಗುಂಡು, ಕೊನೆಯಲ್ಲಿ ಮತ್ತೊಂದು ಬೆಣೆ ಎಂಬ ಕ್ರಮದಲ್ಲಿ ಎಲ್ಲವನ್ನೂ ಮುಂಬಾಯಿಯಿಂದಲೇ ಹಾಕಿ ಗಜದಿಂದ ಜಡಿಯಬೇಕು. ನಳಿಗೆಯ ಬುಡದಲ್ಲಿರುವ ಸಣ್ಣ ಮೊಲೆಯ ಮೇಲೆ ತಾಮ್ರದ ಟೋಪಿಯಂತಹ ಕೇಪನ್ನು ಕೂರಿಸುತ್ತಾರೆ. ಕುದುರೆ ಬಡಿದಾಗ ಕೇಪು ಸಿಡಿದು, ಆ ಕಿಡಿ ಮೊಲೆಯ ರಂಧ್ರದ ಮೂಲಕ ಮಸಿಯನ್ನು ತಲುಪುತ್ತದೆ. ಸರ್ಕಾರಿ ಕಾಗದಪತ್ರಗಳಲ್ಲಿ ಒಂಟಿನಳಿಗೆಯ ಇಂತಹ ಕೋವಿಗೆ ಎಸ್‌ಬಿಎಂಎಲ್ ಎಂದೂ ಜೋಡುನಳಿಗೆಯದಕ್ಕೆ ಡಿಬಿಎಂಎಲ್ ಎಂದೂ ಬರೆಯುವುದು ವಾಡಿಕೆ.

ಬಡಿತದಿಂದ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿದವರು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. 1807ರಲ್ಲಿ ಅವರು ಇದಕ್ಕೆ ಹಕ್ಕುಸ್ವಾಮ್ಯ ಪಡೆದರು. ತಾಮ್ರದ ಕೇಪು ಬಳಕೆಗೆ ಬಂದದ್ದು ಆನಂತರದ ದಶಕಗಳಲ್ಲಿ. ಕಲ್ಲಿನ ಕಿಡಿಯನ್ನೋ ಉರಿಯುವ ಬತ್ತಿಯನ್ನೋ ನೆಚ್ಚಿದ ಹಳೆಯ ಕೋವಿಗಳು ಮಳೆಯಲ್ಲಿ ನಿರುಪಯುಕ್ತವಾಗುತ್ತಿದ್ದವು. ಮಳೆನಾಡಾದ ಮಲೆನಾಡಿಗೆ ಕೇಪು ಒಗ್ಗಿದ್ದು ಸಹಜವೇ.

ಪ್ರದೇಶದಲ್ಲಿ ಮದ್ದಿನ ಇತಿಹಾಸ

ಹೊಸನಗರ ತಾಲ್ಲೂಕಿನ ನಗರ, ಅಂದರೆ ಹಿಂದಿನ ಬಿದನೂರು, ಕೆಳದಿ ನಾಯಕರ ರಾಜಧಾನಿಯಾಗಿತ್ತು. 1763ರಲ್ಲಿ ಹೈದರ್ ಅಲಿ ಅದನ್ನು ವಶಪಡಿಸಿಕೊಂಡನು. ಇಲ್ಲಿ ಕರಿಮದ್ದಿನ ಬಳಕೆ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿ ನೆಲದಡಿಯಿಂದಲೇ ದೊರೆತಿದೆ. 2018ರ ಜುಲೈ ತಿಂಗಳಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ನಗರದ ಪಾಳುಬಾವಿಯೊಂದನ್ನು ಅಗೆದಾಗ ಟಿಪ್ಪು ಸುಲ್ತಾನನ ಕಾಲದವೆಂದು ಗುರುತಿಸಲಾದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ರಾಶಿಯಾಗಿ ಸಿಕ್ಕವು. ಬಾವಿಯ ಮಣ್ಣಿನಲ್ಲಿ ಕೋವಿಮದ್ದಿನ ವಾಸನೆ ಇದ್ದುದೇ ಅಗೆತಕ್ಕೆ ಕಾರಣವಾಯಿತು. 23ರಿಂದ 26 ಸೆಂಟಿಮೀಟರ್ ಉದ್ದದ ಈ ಕೊಳವೆಗಳಲ್ಲಿ ಪೆಟ್ಲುಪ್ಪು ಮತ್ತು ಇದ್ದಿಲು ಸೇರಿದ ಮದ್ದಿನ ಶೇಷವಿತ್ತು.

ಕುಪ್ಪಳಿಯ ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933), ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕೃತಿಗಳಲ್ಲಿ ತೀರ್ಥಹಳ್ಳಿ ಸೀಮೆಯ ಕೋವಿ ಮತ್ತು ಬೇಟೆ ಮನೆಬದುಕಿನ ಭಾಗವಾಗಿಯೇ ಬರುತ್ತವೆ. ಈಡು, ಚರೆ, ಹಳು, ಬಿಲ್ಲು ಮೊದಲಾದ ಮಾತುಗಳ ಅರ್ಥ ತಿಳಿಯಲು ಇಂದಿನ ಓದುಗರಿಗೆ ನಿಘಂಟಿಗಿಂತ ಈ ಕೃತಿಗಳೇ ಹೆಚ್ಚು ನೆರವಾಗುತ್ತವೆ.

ಮಸಿಯ ಗುಣ

ಕರಿಮದ್ದು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), ಇದ್ದಿಲು ಮತ್ತು ಗಂಧಕಗಳ ಮಿಶ್ರಣ. ತೂಕದಲ್ಲಿ ಹೆಚ್ಚು ಪಾಲು ಪೆಟ್ಲುಪ್ಪಿನದು. ಇದ್ದಿಲು ಉರಿಯುವ ವಸ್ತು, ಪೆಟ್ಲುಪ್ಪು ಉರಿಗೆ ಬೇಕಾದ ಆಮ್ಲಜನಕವನ್ನು ಒದಗಿಸುತ್ತದೆ, ಗಂಧಕವು ಬೇಗ ಹೊತ್ತಿಕೊಳ್ಳಲು ನೆರವಾಗುತ್ತದೆ. ಆದರೆ ಈ ಮೂರನ್ನು ಕೇವಲ ಬೆರೆಸಿದ ಪುಡಿಯೂ ಕೋವಿಗೆ ತಯಾರಾದ ಮಸಿಯೂ ಒಂದೇ ಅಲ್ಲ. ಕಾರ್ಖಾನೆಯಲ್ಲಿ ಮಿಶ್ರಣವನ್ನು ಒತ್ತಿ ಗಟ್ಟಿಮಾಡಿ, ಒಡೆದು, ಜರಡಿ ಹಿಡಿದು, ಒಂದೇ ಗಾತ್ರದ ಕಾಳುಗಳನ್ನಾಗಿ ಬೇರ್ಪಡಿಸುತ್ತಾರೆ. ಕಾಳುಗಳ ನಡುವಿನ ಎಡೆಯಲ್ಲಿ ಉರಿ ಹರಡುವುದರಿಂದ ಒಂದು ಈಡಿಗೂ ಇನ್ನೊಂದು ಈಡಿಗೂ ಒತ್ತಡ ಬಹುಮಟ್ಟಿಗೆ ಸಮನಾಗಿರುತ್ತದೆ. ಮನೆಯಲ್ಲಿ ಕುಟ್ಟಿದ ಪುಡಿಗೆ ಈ ಗುಣವಿಲ್ಲ, ಮೇಲಾಗಿ ಪರವಾನಗಿಯಿಲ್ಲದೆ ಅದನ್ನು ತಯಾರಿಸುವುದು ಅಪರಾಧ.

ಕಾಳಿನ ಗಾತ್ರ

ಮಸಿಯ ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ಕಾಳಿನ ಗಾತ್ರ. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಇದನ್ನು ‘ಎಫ್’ ಅಕ್ಷರದ ಸಂಖ್ಯೆಯಿಂದ ಸೂಚಿಸುತ್ತಾರೆ. ಎಫ್‌ಗಳು ಹೆಚ್ಚಿದಷ್ಟೂ ಕಾಳು ಸಣ್ಣದು, ಉರಿಯುವ ವೇಗ ಹೆಚ್ಚು. ಒಂದು ಎಫ್‌ನ ದಪ್ಪ ಕಾಳು ಬಹುದೊಡ್ಡ ನಳಿಗೆಗಳಿಗೆ, ಎರಡು ಎಫ್‌ನದು ಚರೆ ಹಾರಿಸುವ ಕೋವಿಗಳಿಗೆ ಮತ್ತು ಅರ್ಧ ಇಂಚಿಗಿಂತ ಅಗಲವಾದ ನಳಿಗೆಗಳಿಗೆ, ಮೂರು ಎಫ್‌ನದು ಅದಕ್ಕಿಂತ ಸಣ್ಣ ನಳಿಗೆಯ ಬಂದೂಕು ಹಾಗೂ ಪಿಸ್ತೂಲುಗಳಿಗೆ ಹೊಂದುತ್ತದೆ. ನಾಲ್ಕು ಎಫ್‌ನ ನುಣುಪು ಮಸಿ ಕಲ್ಲುಕಿಡಿಯ ಕೋವಿಯ ಬಟ್ಟಲಿಗೆ ಹಾಕಲು ಮಾತ್ರ. ಮಲೆನಾಡಿನ ಕೇಪಿನ ಕೋವಿಗಳು ಸಾಮಾನ್ಯವಾಗಿ ಒಳಗೆರೆಗಳಿಲ್ಲದ ಅಗಲ ನಳಿಗೆಯವಾದ್ದರಿಂದ ಅವುಗಳಿಗೆ ಎರಡು ಎಫ್‌ಗೆ ಸಮನಾದ ಮಧ್ಯಮ ಕಾಳು ಸೂಕ್ತ. ನುಣುಪು ಮಸಿಯಿಂದ ಈಡು ಜೋರಾಗುತ್ತದೆ ಎಂಬ ನಂಬಿಕೆ ಅರ್ಧಸತ್ಯ. ಅದು ಒತ್ತಡವನ್ನು ಬೇಗನೆ ಏರಿಸುತ್ತದೆ. ಆದರೆ ತಲೆಮಾರುಗಳ ತುಕ್ಕು ಕಂಡ ನಳಿಗೆ ಆ ಒತ್ತಡವನ್ನು ತಡೆಯುತ್ತದೆಂಬ ಭರವಸೆಯಿಲ್ಲ.

ಬಳಸಬಾರದ ಮದ್ದುಗಳು

ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ರೂಪಿಸಿದ ಹೊಗೆರಹಿತ ಮದ್ದು ಇಂದಿನ ತೋಟಾಗಳಲ್ಲಿರುವ ಮದ್ದಿನ ಪೂರ್ವಜ. ನೈಟ್ರೊಸೆಲ್ಯುಲೋಸ್ ಆಧಾರಿತವಾದ ಇದು ಸಮತೂಕದ ಕರಿಮದ್ದಿಗಿಂತ ಎಷ್ಟೋ ಪಟ್ಟು ಶಕ್ತಿಯುಳ್ಳದ್ದು, ಮುಚ್ಚಿದ ಜಾಗದಲ್ಲಿ ಇದರ ಒತ್ತಡ ಏರುವ ರೀತಿಯೇ ಬೇರೆ. ತೋಟಾ ಬಿಚ್ಚಿ ಅದರ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದು ನಳಿಗೆ ಸಿಡಿಯುವುದಕ್ಕೆ ನೇರ ದಾರಿ. ಸ್ವಲ್ಪವೇ ಹಾಕಿದರೆ ತೊಂದರೆಯಿಲ್ಲ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಕರಿಮದ್ದಿನೊಡನೆ ಬೆರೆಸಿದರೂ ಅಪಾಯ ತಗ್ಗುವುದಿಲ್ಲ.

ಪಟಾಕಿಯ ಮದ್ದೂ ಇಷ್ಟೇ ಅಪಾಯಕಾರಿ. ಸದ್ದಿನ ಪಟಾಕಿಗಳಲ್ಲಿ ಅಲ್ಯುಮಿನಿಯಂ ಪುಡಿಯಂತಹ ಪದಾರ್ಥಗಳು ಸೇರಿರುತ್ತವೆ. ಅವು ಸಿಡಿಯಲೆಂದು ಮಾಡಿದವು, ಗುಂಡನ್ನು ತಳ್ಳಲೆಂದಲ್ಲ. ಗಜದಿಂದ ಜಡಿಯುವಾಗಲೇ ಇಂತಹ ಮಿಶ್ರಣ ಹೊತ್ತಿಕೊಳ್ಳಬಹುದು. ದೀಪಾವಳಿಯ ನಂತರ ಉಳಿದ ಪಟಾಕಿಯನ್ನು ಕೋವಿಗೆ ಮಸಿಯೆಂದು ಎತ್ತಿಡುವ ಮಿತವ್ಯಯ ದುಬಾರಿಯಾಗುತ್ತದೆ.

ಹೊರದೇಶಗಳಲ್ಲಿ 1970ರ ದಶಕದಿಂದ ಪೈರೊಡೆಕ್ಸ್‌ನಂತಹ ಬದಲಿ ಮದ್ದುಗಳು ಮಾರಾಟದಲ್ಲಿವೆ. ಇವು ಕರಿಮದ್ದಿಗಿಂತ ಹಗುರವಾಗಿರುವುದರಿಂದ ಅಳತೆಯ ಬಟ್ಟಲಿನ ಗಾತ್ರಕ್ಕೆ ಸರಿಯಾಗಿ ಹಾಕಬೇಕೇ ಹೊರತು ತೂಗಿ ಹಾಕುವಂತಿಲ್ಲ. ಹೊತ್ತಿಕೊಳ್ಳಲು ಹೆಚ್ಚು ಶಾಖ ಬೇಕಾಗುವುದರಿಂದ ದುರ್ಬಲ ಕೇಪಿನಿಂದ ಇವು ಕೆಲವೊಮ್ಮೆ ಹೊತ್ತುವುದೇ ಇಲ್ಲ.

ಅಳತೆ ಮತ್ತು ತುಂಬುವ ಕ್ರಮ

ಚರೆಯ ಕೋವಿಗೆ ಹಿಂದಿನಿಂದ ಬಂದ ಸೂತ್ರವೊಂದಿದೆ: ಚರೆಗೂ ಮಸಿಗೂ ಒಂದೇ ಬಟ್ಟಲು. ಮಸಿ ಹೆಚ್ಚಾದರೆ ಚರೆ ಚದುರಿ ಗುರಿಯ ಸುತ್ತ ಬೀಳುತ್ತದೆ, ಚರೆ ಹೆಚ್ಚಾದರೆ ವೇಗ ಕುಂದುತ್ತದೆ. ಸೂತ್ರವೇನೇ ಇರಲಿ, ಆಯಾ ನಳಿಗೆಗೆ ತಯಾರಕರು ಹೇಳಿದ ಮಿತಿಯೇ ಕೊನೆಯ ಮಾತು. ಹಳೆಯ ಕೋವಿಯನ್ನು ಪರವಾನಗಿ ಪಡೆದ ಕೋವಿ ರಿಪೇರಿಯವರಿಂದ ಪರೀಕ್ಷಿಸದೆ ಅದರಿಂದ ಈಡು ಹೊಡೆಯಬಾರದು.

ಮಸಿಯನ್ನು ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯುವುದು ಕೆಟ್ಟ ಅಭ್ಯಾಸ. ಹಿಂದಿನ ಈಡಿನ ಕೆಂಡದ ಚೂರು ಒಳಗಿದ್ದರೆ ಬುರುಡೆಯೇ ಕೈಯಲ್ಲಿ ಸಿಡಿಯುತ್ತದೆ. ಬೇರೆ ಬಟ್ಟಲಿನಲ್ಲಿ ಅಳೆದು ಹಾಕಿದರೆ ಹೊತ್ತಿಕೊಳ್ಳುವುದು ಒಂದು ಈಡಿನಷ್ಟು ಮಾತ್ರ. ಗುಂಡು ಅಥವಾ ಬೆಣೆ ಮಸಿಯ ಮೇಲೆ ಪೂರ್ತಿಯಾಗಿ ಕೂತಿರಬೇಕು. ನಡುವೆ ಟೊಳ್ಳು ಉಳಿದರೆ ನಳಿಗೆ ಅಲ್ಲಿಯೇ ಉಬ್ಬಬಹುದು ಅಥವಾ ಒಡೆಯಬಹುದು. ಅನುಭವಿಗಳು ಗಜದ ಮೇಲೆ ಎರಡು ಗೆರೆ ಕೊರೆದಿಡುತ್ತಾರೆ: ಖಾಲಿ ನಳಿಗೆಯ ಆಳಕ್ಕೆ ಒಂದು, ತುಂಬಿದ ನಳಿಗೆಯ ಆಳಕ್ಕೆ ಇನ್ನೊಂದು. ಮೊದಲೇ ತುಂಬಿದ್ದರ ಮೇಲೆ ಮತ್ತೊಮ್ಮೆ ತುಂಬುವ ತಪ್ಪನ್ನು ಈ ಗೆರೆಗಳು ತಡೆಯುತ್ತವೆ. ಕೇಪು ಸಿಡಿದೂ ಈಡು ಹಾರದಿದ್ದರೆ ಮಸಿ ಒಳಗೇ ಕನಲುತ್ತಿರಬಹುದು. ಆಗ ನಳಿಗೆಯ ಬಾಯಿಯನ್ನು ಜನರಿಲ್ಲದ ಕಡೆಗೆ ಹಿಡಿದು ಕಾಯಬೇಕು, ಬಗ್ಗಿ ನೋಡಬಾರದು.

ಮಲೆನಾಡಿನ ತೇವ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಇಂತಹ ಹವೆಯಲ್ಲಿ ಮಸಿಯನ್ನು ಕಾಯುವುದೇ ಒಂದು ಕೆಲಸ. ನೆನೆದ ಮಸಿಯಲ್ಲಿ ಪೆಟ್ಲುಪ್ಪು ಕರಗಿ, ಒಣಗುವಾಗ ಬೇರೆಯಾಗಿ ಹರಳುಗಟ್ಟುತ್ತದೆ. ಆದ್ದರಿಂದ ಒಣಗಿಸಿದ ಮೇಲೂ ಅದನ್ನು ನಂಬುವಂತಿಲ್ಲ. ಒಲೆಯ ಬಳಿ ಅಥವಾ ಅಡಿಕೆ ಬೇಯಿಸುವ ಬೆಂಕಿಯ ಹತ್ತಿರ ಒಣಗಿಸಲು ಹೋಗುವುದಂತೂ ಮನೆಗೇ ಅಪಾಯ. ಗಂಟುಗಟ್ಟಿದ ಅಥವಾ ಬಿಳಿಪು ತೋರುವ ಮಸಿಯನ್ನು ಬಿಟ್ಟುಬಿಡುವುದೇ ಸರಿ. ಸಣ್ಣ ಪ್ರಮಾಣದಲ್ಲಿ, ಬಿಗಿಮುಚ್ಚಳದ ಡಬ್ಬಿಯಲ್ಲಿ, ಕೇಪುಗಳಿಂದ ದೂರವಾಗಿ, ಬೀಗದೊಳಗೆ ಇಡಬೇಕು.

ಕರಿಮದ್ದು ಉರಿದಾಗ ಅರ್ಧಕ್ಕೂ ಹೆಚ್ಚು ಭಾಗ ಘನರೂಪದ ಕಿಟ್ಟವಾಗಿ ಉಳಿಯುತ್ತದೆ. ಈ ಕಿಟ್ಟ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಹಾಗೇ ಬಿಟ್ಟ ನಳಿಗೆಯಲ್ಲಿ ಬೆಳಿಗ್ಗೆ ತುಕ್ಕು ಕಾಣಿಸಿಕೊಳ್ಳುತ್ತದೆ. ಬಿಸಿ ಸಾಬೂನು ನೀರಿನಿಂದ ತೊಳೆದು, ಒರೆಸಿ, ಪೂರ್ತಿ ಒಣಗಿಸಿ, ಬಳಿಕ ತೆಳುವಾಗಿ ಎಣ್ಣೆ ಹಚ್ಚುವುದು ಕ್ರಮ. ಕಿಟ್ಟ ತೆಗೆಯದೆ ಯಂತ್ರದ ಎಣ್ಣೆ ಹಚ್ಚಿದರೆ ಎರಡೂ ಸೇರಿ ಡಾಂಬರಿನಂತೆ ಅಂಟಿಕೊಳ್ಳುತ್ತವೆ.

ಕಾನೂನು

1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ 9ನೇ ಕಲಮು ಕಾಯ್ದೆಯ ಅನುಸೂಚಿಗಳಲ್ಲಿರುವ ವನ್ಯಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. ಕಾಡುಹಂದಿಯೂ ಈ ರಕ್ಷಣೆಗೆ ಒಳಪಟ್ಟಿದೆ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲಲು 11ನೇ ಕಲಮಿನಡಿ ಲಿಖಿತ ಅನುಮತಿ ಬೇಕು, ರೈತನ ಸ್ವಂತ ತೀರ್ಮಾನ ಸಾಲದು. ಸಾಗರ ತಾಲ್ಲೂಕಿನ ಶರಾವತಿ ಕಣಿವೆ ಅಭಯಾರಣ್ಯದಂತಹ ಪ್ರದೇಶಗಳಿಗೆ ಪೂರ್ವಾನುಮತಿಯಿಲ್ಲದೆ ಆಯುಧ ಒಯ್ಯುವುದೇ ಅಪರಾಧ. ಕಾಡಿನಂಚಿನ ಭತ್ತದ ಗದ್ದೆ ಮತ್ತು ಅಡಿಕೆ ತೋಟದವರಿಗೆ ಈ ನಿಯಮ ಕಠಿಣವೆನಿಸುವುದು ನಿಜ. ಒಂದೇ ರಾತ್ರಿಯಲ್ಲಿ ಹಂದಿಯ ಹಿಂಡು ಮಾಡುವ ನಷ್ಟ ಕಚೇರಿಯ ಕಾಗದ ಬರುವ ತನಕ ಕಾಯುವುದಿಲ್ಲ. ಆದ್ದರಿಂದ ಬಹುಪಾಲು ಕೋವಿಗಳ ಉಪಯೋಗ ಈಗ ಸದ್ದಿನಷ್ಟೇ: ಚರೆಯಿಲ್ಲದ ಬರಿ ಮಸಿಯ ಈಡು.

1959ರ ಆಯುಧ ಕಾಯ್ದೆಯ 13ನೇ ಕಲಮಿನಲ್ಲಿ ಬಾಯಿಯಿಂದ ತುಂಬುವ ಕೋವಿಯ ಪ್ರಸ್ತಾಪ ಹೆಸರಿಟ್ಟೇ ಇದೆ. ಪ್ರಾಮಾಣಿಕವಾಗಿ ಬೆಳೆರಕ್ಷಣೆಗೆಂದು ಕೇಳುವ ನಾಗರಿಕನಿಗೆ ಅದರ ಪರವಾನಗಿ ನೀಡಬೇಕೆಂದು ಅಲ್ಲಿ ಹೇಳಿದೆ. ಇಂತಹ ಕೋವಿ ಸಾಲದೆಂದು ಮನವರಿಕೆಯಾದರೆ ಬೇರೆ ಬಗೆಯದಕ್ಕೂ ಅವಕಾಶವಿದೆ. ಮಸಿ ಮತ್ತು ಕೇಪುಗಳನ್ನು ಪರವಾನಗಿ ಪುಸ್ತಕ ತೋರಿಸಿ, ಅದರಲ್ಲಿ ನಮೂದಾದ ಮಿತಿಯಷ್ಟೇ, ಅಧಿಕೃತ ಮಾರಾಟಗಾರರಿಂದ ಕೊಳ್ಳಬೇಕು.

ಚುನಾವಣೆ ಘೋಷಣೆಯಾದಾಗ ಪರವಾನಗಿ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಲು ಸೂಚಿಸುವುದು ವಾಡಿಕೆ. ವಿನಾಯಿತಿ ಬೇಕಾದವರು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಠೇವಣಿಯ ಅವಧಿ ತಿಂಗಳುಗಟ್ಟಲೆ ಇರಬಹುದಾದ್ದರಿಂದ ಕೋವಿಯನ್ನು ತೊಳೆದು ಎಣ್ಣೆ ಹಚ್ಚಿ ಕೊಡಬೇಕು. ಕೇಪಿನ ಕೋವಿಯನ್ನು ತೋಟಾ ಕೋವಿಯಂತೆ ಮಡಚಿ ಖಾಲಿ ಮಾಡಲು ಬರುವುದಿಲ್ಲ. ಕೇಪು ತೆಗೆದ ಮಾತ್ರಕ್ಕೆ ಅದು ಖಾಲಿಯಾಗುವುದೂ ಇಲ್ಲ. ಠಾಣೆಗೆ ಒಯ್ಯುವ ಮುನ್ನ ಗಜದ ತುದಿಗೆ ತಿರುಪು ಕೊಂಡಿ ಸಿಕ್ಕಿಸಿ ಬೆಣೆಯನ್ನೆಳೆದು, ಚರೆ ಮತ್ತು ಮಸಿಯನ್ನು ಹೊರಗೆ ಸುರಿದು, ಗಜವು ಖಾಲಿ ನಳಿಗೆಯ ಗೆರೆಯವರೆಗೆ ಇಳಿಯುವುದನ್ನು ನೋಡಿಕೊಳ್ಳಬೇಕು.