ಗೋಡೆಗೇರಿದ ಮೀನು

ತಣ್ಣೀರಿನ ಹೊಳೆಯಲ್ಲಿ ವರ್ಷಗಟ್ಟಲೆ ಗಾಳ ಹಾಕಿದವರಿಗೆ ಒಂದಲ್ಲ ಒಂದು ದಿನ, ಇನ್ನು ಇಂಥದ್ದು ಸಿಗಲಾರದು ಅನ್ನಿಸುವಂಥ ಟ್ರೌಟ್ ಸಿಗುತ್ತದೆ. ಅದು ಬಲೆಚೀಲದಲ್ಲಿ ಕಿವಿರು ಬಡಿಯುತ್ತಿರುವಾಗಲೇ ಒಂದು ತೀರ್ಮಾನಕ್ಕೆ ಬರಬೇಕು. ಕೊಂದು ಒಯ್ದು, ಚರ್ಮ ಸುಲಿಸಿ, ಒಳಗೆ ಅಚ್ಚು ಕೂರಿಸಿ ಗೋಡೆಗೆ ಹಾಕಿಸುವುದು ಒಂದು ದಾರಿ. ಉದ್ದ ಮತ್ತು ಸುತ್ತಳತೆ ಹಿಡಿದು, ಫೋಟೋ ತೆಗೆದು, ನೀರಿಗೆ ಬಿಟ್ಟು, ಆಮೇಲೆ ಅದೇ ಅಳತೆಗೆ ಫೈಬರ್‌ಗ್ಲಾಸಿನ ಪ್ರತಿಕೃತಿ ಮಾಡಿಸುವುದು ಇನ್ನೊಂದು. ಅಮೆರಿಕ, ಬ್ರಿಟನ್‌ಗಳಲ್ಲಿ ಈಗ ಹಲವರು ಹಿಡಿಯುವುದು ಎರಡನೆಯ ದಾರಿ. ಆದರೂ ಒಂದು ಮಾತು ಕೇಳಿಬರುತ್ತಲೇ ಇರುತ್ತದೆ: ಚರ್ಮದ ಮೀನು ಅಸಲಿ, ಫೈಬರ್‌ನದು ನಕಲಿ; ಮೊದಲನೆಯದು ಪರಂಪರೆ, ಎರಡನೆಯದು ಪ್ಲಾಸ್ಟಿಕ್ ಕಾಲದ ಅಡ್ಡದಾರಿ. ಗೋಡೆಯ ಮೀನಿನ ಇತಿಹಾಸ ಹೇಳುವುದು ಇದಕ್ಕೆ ತಿರುಗುಮುರುಗಾದದ್ದನ್ನು. ಗೋಡೆಗೇರಿದ ಮೀನು ಎಂದೂ ಪೂರ್ತಿ ಅಸಲಿಯಾಗಿರಲಿಲ್ಲ. ಅದು ಯಾವಾಗಲೂ ಮನುಷ್ಯನ ಕೈ ಮಾಡಿದ ಹೋಲಿಕೆ. ಅದರ ಸತ್ಯ ನಿಂತಿದ್ದದ್ದು ಪಕ್ಕದಲ್ಲಿ ಬರೆದಿಟ್ಟ ತೂಕ, ತಾರೀಖು, ಹೊಳೆಯ ಹೆಸರಿನ ಮೇಲೆ.

ಮೊದಲು ಚರ್ಮದ ಮೀನನ್ನೇ ಹತ್ತಿರದಿಂದ ನೋಡೋಣ. ಹುಲಿಯ ಚರ್ಮ ಹದ ಮಾಡಿದರೆ ಕೂದಲಿನ ಬಣ್ಣ ಉಳಿಯುತ್ತದೆ, ಹಕ್ಕಿಯ ಗರಿಯೂ ಬಹುಕಾಲ ಬಾಳುತ್ತದೆ. ಮೀನಿಗೆ ಆ ಭಾಗ್ಯವಿಲ್ಲ. ಅದರ ಬಣ್ಣವೆಲ್ಲ ಇರುವುದು ಒದ್ದೆ ಚರ್ಮದ ಜೀವಕೋಶಗಳಲ್ಲಿ. ಕಂದು ಟ್ರೌಟಿನ ಪಕ್ಕೆಯ ಮೇಲೆ ತೆಳು ಬಣ್ಣದ ಬಳೆಯೊಳಗೆ ಕೂತ ಕೆಂಪು ಚುಕ್ಕೆ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯದ್ದು. ತಿರುಗಿಸಿದಂತೆಲ್ಲ ಮಿನುಗುವ ಬೆಳ್ಳಿ ಹೊಳಪು ಗ್ವಾನಿನ್ ಎಂಬ ಹರಳಿನ ತೆಳು ಪದರಗಳದ್ದು. ಪ್ರಾಣ ಹೋದ ಮೇಲೆ ಈ ಏರ್ಪಾಡೆಲ್ಲ ಕುಸಿಯುತ್ತದೆ. ಹೊತ್ತು ಕಳೆದಂತೆ ಮೀನು ಮಂಕಾಗುತ್ತದೆ, ಒಣಗಿದ ಮೇಲೆ ಹಳೆಯ ಕಾಗದದ ಬಣ್ಣಕ್ಕೆ ತಿರುಗುತ್ತದೆ. ಕುಶಲಕರ್ಮಿ ಗೋಡೆಯ ಕಡೆಗೆ ಬರುವ ಪಕ್ಕೆಯನ್ನು ಸೀಳಿ ಮಾಂಸ ಮೂಳೆಯೆಲ್ಲ ತೆಗೆಯುತ್ತಾನೆ, ತಾನೇ ಕೆತ್ತಿದ ಒಡಲಿನ ಮೇಲೆ ಚರ್ಮ ಹೊದಿಸಿ ಹೊಲಿಯುತ್ತಾನೆ, ಗಾಜಿನ ಕಣ್ಣು ಕೂರಿಸುತ್ತಾನೆ. ಅಲ್ಲಿಂದ ಮುಂದಿನದೆಲ್ಲ ಕುಂಚದ ಕೆಲಸ. ಟ್ರೌಟ್ ಮತ್ತು ಸಾಲ್ಮನ್ ಎಣ್ಣೆಯಂಶ ಹೆಚ್ಚಿರುವ ಮೀನುಗಳು. ತಲೆಯೊಳಗಿನ ಜಿಡ್ಡು ವರ್ಷಗಳ ಮೇಲೂ ಒಸರಿ ಬಣ್ಣವನ್ನು ಹಳದಿಗಟ್ಟಿಸುತ್ತದೆ, ಒಣಗಿದ ತಲೆ ಕುಗ್ಗಿ ಸುಕ್ಕಾಗುತ್ತದೆ. ಆದ್ದರಿಂದ ಎಷ್ಟೋ ಕುಶಲಕರ್ಮಿಗಳು ಇವುಗಳಿಗೆ ಎರಕದ ತಲೆಯನ್ನೇ ಜೋಡಿಸುತ್ತಾರೆ. ಅಂದರೆ ತಲೆ ಎರಕದ್ದು, ಕಣ್ಣು ಗಾಜಿನದು, ಒಡಲು ಕೆತ್ತಿದ್ದು, ಬಣ್ಣ ಬಳಿದದ್ದು. ಅಸಲಿ ಅನ್ನುವುದು ಆ ಬಣ್ಣದ ಕೆಳಗೆ ಕಾಣದೆ ಕೂತ ಒಣಚರ್ಮ ಮಾತ್ರ.

ಇನ್ನು ಪರಂಪರೆಯ ಮಾತು. 19ನೇ ಶತಮಾನದ ಬ್ರಿಟನ್ನಿನಲ್ಲಿ ಮೀನಿನ ನೆನಪು ಉಳಿಸಲು ಚರ್ಮವೊಂದೇ ದಾರಿಯಾಗಿರಲಿಲ್ಲ. ಮೀನನ್ನು ಕಾಗದದ ಮೇಲಿಟ್ಟು ಅಂಚು ಗೀಚುತ್ತಿದ್ದರು, ಅದೇ ಅಳತೆಗೆ ಮರದಲ್ಲಿ ಅರ್ಧ ಮೈಯನ್ನು ಕೆತ್ತಿಸಿ ಬಣ್ಣ ಹಾಕಿಸುತ್ತಿದ್ದರು. 1867ರಲ್ಲಿ ಸಾಲ್ಮನ್ ಮೀನುಗಾರಿಕೆಯ ಸರ್ಕಾರಿ ತನಿಖಾಧಿಕಾರಿಯಾದ ಫ್ರಾಂಕ್ ಬಕ್‌ಲ್ಯಾಂಡ್ ದೊಡ್ಡ ಮೀನು ಸಿಕ್ಕಿತೆಂದರೆ ಪ್ಲಾಸ್ಟರ್ ಕಲಸಿ ಅಚ್ಚು ತೆಗೆಯುತ್ತಿದ್ದವರು. ಅವರು ಬಣ್ಣ ಹಾಕಿಸಿಟ್ಟ ಎರಕಗಳು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನ ಅವರ ಮತ್ಸ್ಯ ಸಂಗ್ರಹಾಲಯದಲ್ಲಿದ್ದವು. ದೂರದ ಜಪಾನಿನಲ್ಲಿ ಅದೇ ಶತಮಾನದ ಮೊದಲರ್ಧದಲ್ಲೇ ಗ್ಯೊತಾಕು ಬಂದಿತ್ತು: ಮೀನಿನ ಮೈಗೆ ಶಾಯಿ ಸವರಿ, ಮೇಲೆ ಕಾಗದ ಒತ್ತಿ, ಹುರುಪೆ ಹುರುಪೆಯ ಗುರುತು ಪಡೆಯುವ ಕಲೆ. ಲಂಡನ್ನಿನ ಜಾನ್ ಕೂಪರ್ ಮತ್ತು ಮಕ್ಕಳ ಅಂಗಡಿ ಬಾಗು ಗಾಜಿನ ಪೆಟ್ಟಿಗೆಯಲ್ಲಿ ಚರ್ಮದ ಮೀನು ಕೂರಿಸಿಕೊಡುವುದಕ್ಕೆ ಹೆಸರಾಗಿತ್ತು ನಿಜ. ಆದರೆ ಇಂಥ ಪೆಟ್ಟಿಗೆಗಳಲ್ಲಿ ಇಂದಿಗೂ ಮೊದಲು ಕಣ್ಣಿಗೆ ಬೀಳುವುದು ಗಾಜಿನ ಮೇಲಿನ ಚಿನ್ನದ ಅಕ್ಷರ: ಹಿಡಿದವರು ಇಂಥವರು, ಇಂಥ ಹೊಳೆ, ಇಂಥ ದಿನ, ಇಷ್ಟು ತೂಕ. ಆ ಒಂದು ಸಾಲು ಅಳಿಸಿಹೋದರೆ ಒಳಗಿರುವುದು ಊರು ಹೆಸರಿಲ್ಲದ ಯಾವುದೋ ಮೀನು.

ಈ ಮಾತಿಗೆ ಅತ್ಯುತ್ತಮ ಸಾಕ್ಷಿ ಟ್ರೌಟಿನ ದಾಯಾದಿಯಾದ ಒಂದು ಸಾಲ್ಮನ್. 1922ರ ಅಕ್ಟೋಬರ್ 7ರಂದು ಸ್ಕಾಟ್ಲೆಂಡಿನ ಟೇ ನದಿಯಲ್ಲಿ, ಗ್ಲೆನ್‌ಡೆಲ್ವೈನ್ ಬಳಿ, ಜಾರ್ಜಿನಾ ಬ್ಯಾಲಂಟೈನ್ ಎಂಬಾಕೆ ತಂದೆ ಹುಟ್ಟು ಹಾಕುತ್ತಿದ್ದ ದೋಣಿಯಿಂದ ಗಾಳ ಹಾಕಿದ್ದರು. ತಂದೆ ಜೇಮ್ಸ್ ಆ ಜಮೀನ್ದಾರಿಯ ಮೀನುಗಾರ. ಸಂಜೆ ಕಚ್ಚಿದ ಮೀನು ಎರಡು ಗಂಟೆಗೂ ಮೀರಿ ಎಳೆದಾಡಿತು. ದಡ ಮುಟ್ಟಿಸುವ ಹೊತ್ತಿಗೆ ಕತ್ತಲಾಗಿತ್ತು. ತೂಗಿದರೆ 64 ಪೌಂಡ್, ಸುಮಾರು 29 ಕಿಲೋ. ನೂರು ವರ್ಷ ಕಳೆದರೂ ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಸಾಲ್ಮನ್‌ಗಳ ದಾಖಲೆ ಅದೇ. ಆ ಮೀನಿನ ಮೈ ಏನಾಯಿತು? ಪರ್ತ್ ಪಟ್ಟಣದ ಆಸ್ಪತ್ರೆಗೆ ಹೋಯಿತು. ರೋಗಿಗಳೂ ಸಿಬ್ಬಂದಿಯೂ ಉಂಡರು. ಅದಕ್ಕೆ ಮೊದಲು ಪರ್ತ್‌ನ ಮಾಲಕ್ ಅಂಗಡಿಯವರು ಅಚ್ಚು ತೆಗೆದಿದ್ದರು. ಇಂದು ಪರ್ತ್ ವಸ್ತು ಸಂಗ್ರಹಾಲಯಕ್ಕೆ ಹೋದವರು ಬೆರಗಾಗಿ ನಿಂತು ನೋಡುವುದು ಆ ಎರಕವನ್ನು. ಅದರಲ್ಲಿ ಮೀನಿನದು ಅನ್ನುವಂಥದ್ದು ಆಕಾರ ಬಿಟ್ಟರೆ ಬೇರೇನೂ ಇಲ್ಲ. ಆದರೂ ಅದನ್ನು ಯಾರೂ ನಕಲಿ ಎಂದು ತಳ್ಳಿಹಾಕಿಲ್ಲ. ಯಾಕೆಂದರೆ ತೂಕ ಗೊತ್ತಿದೆ, ದಿನ ಗೊತ್ತಿದೆ, ಜಾಗ ಗೊತ್ತಿದೆ, ಕಂಡವರಿದ್ದರು.

ಪ್ಲಾಸ್ಟರ್‌ನಿಂದ ಫೈಬರ್‌ಗ್ಲಾಸಿಗೆ ಬಂದದ್ದು ಸಾಮಗ್ರಿಯ ಬದಲಾವಣೆ ಅಷ್ಟೆ. ನಿಜವಾದ ತಿರುವು ಬೇರೆ ಕಡೆಯಿಂದ ಬಂತು. ಅಮೆರಿಕದ ಮಿಶಿಗನ್ ರಾಜ್ಯದ ಓ ಸೇಬಲ್ ಹೊಳೆಯಲ್ಲಿ ಹಿಂದೆ ಗ್ರೇಲಿಂಗ್ ಎಂಬ ಮೀನು ತುಂಬಿ ತುಳುಕುತ್ತಿತ್ತು. ದಡದ ಊರಿಗೂ ಅದರದೇ ಹೆಸರು. ಕಾಡು ಕಡಿದು ಮರದ ದಿಮ್ಮಿಗಳನ್ನು ಹೊಳೆಯಲ್ಲೇ ತೇಲಿಬಿಟ್ಟರು, ಸಿಕ್ಕಷ್ಟೂ ಹಿಡಿದರು. 1930ರ ದಶಕದ ಹೊತ್ತಿಗೆ ಮಿಶಿಗನ್ನಿನ ಗ್ರೇಲಿಂಗ್ ಇಲ್ಲವಾಯಿತು, ಊರಿನ ಹೆಸರು ಉಳಿಯಿತು. 1939ರಲ್ಲಿ ಲೀ ವುಲ್ಫ್ ತಮ್ಮ ಗಾಳದ ಕೈಪಿಡಿಯಲ್ಲಿ, ಒಳ್ಳೆಯ ಮೀನನ್ನು ಒಂದೇ ಸಲ ಹಿಡಿದು ಮುಗಿಸಿಬಿಡುವುದು ದುಂದು ಎಂಬ ವಾದ ಮುಂದಿಟ್ಟರು. 1959ರಲ್ಲಿ ಅದೇ ಓ ಸೇಬಲ್ ದಡದಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಸಂಘ ಹುಟ್ಟಿತು. ಹಿಡಿದು ಬಿಡುವ ರೂಢಿ ಬಲಿತಂತೆ ಗೋಡೆಯ ಮೀನಿಗೂ ಹೊಸ ದಾರಿ ಬೇಕಾಯಿತು. ಬಕ್‌ಲ್ಯಾಂಡರಿಗೆ ಅಚ್ಚು ತೆಗೆಯಲು ಸತ್ತ ಮೀನೇ ಬೇಕಿತ್ತು. ಈಗಿನವರು ಅಳತೆ ಮತ್ತು ಫೋಟೋ ಕೊಟ್ಟರೆ ಸಾಕು. ಆ ಅಳತೆಗೆ ಹೊಂದುವ ಅಚ್ಚು ಕಾರ್ಖಾನೆಯಲ್ಲಿ ಸಿದ್ಧವಿರುತ್ತದೆ.

ಆಕ್ಷೇಪದ ಮೊನೆ ಇರುವುದೂ ಇಲ್ಲೇ. ಬ್ಯಾಲಂಟೈನ್ ಅವರ ಎರಕವಾದರೋ ಅದೇ ಮೀನಿನ ಮೈಯಿಂದ ತೆಗೆದದ್ದು. ಈಗಿನ ಪ್ರತಿಕೃತಿಯ ಅಚ್ಚು ಎಂದೋ ಸತ್ತ ಬೇರೆ ಟ್ರೌಟಿನದು. ಹಾಗಾದರೆ ಗೋಡೆಯ ಮೇಲಿರುವುದು ಯಾರ ಮೀನು? ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಅಚ್ಚು ಬೇರೆಯದಾದಾಗ ಉಳಿಯುವ ಸಂಬಂಧ ಅಳತೆಯೊಂದೇ. ಆ ಅಳತೆಯೇ ತಪ್ಪಿದರೆ ಪ್ರತಿಕೃತಿ ಅಲಂಕಾರದ ಸಾಮಾನಾಗಿಬಿಡುತ್ತದೆ. ಗಾಳದವರಲ್ಲಿ ಒಂದು ಲೆಕ್ಕ ರೂಢಿಯಲ್ಲಿದೆ: ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 800ರಿಂದ ಭಾಗಿಸು, ಅಂಗುಲದಲ್ಲಿ ಅಳೆದರೆ ಉತ್ತರ ಪೌಂಡಿನಲ್ಲಿ ಬರುತ್ತದೆ. 24 ಅಂಗುಲ ಉದ್ದ, 13 ಅಂಗುಲ ಸುತ್ತಳತೆಯ ಟ್ರೌಟ್ ಈ ಲೆಕ್ಕದಲ್ಲಿ 5 ಪೌಂಡಿಗೆ ಚೂರು ಹೆಚ್ಚು. ಇದೇ ಲೆಕ್ಕವನ್ನು ಬ್ಯಾಲಂಟೈನ್ ಅವರ ಮೀನಿಗೆ ಹಾಕಿ ನೋಡಿ. ಅದರ ಉದ್ದ 54 ಅಂಗುಲ, ಸುತ್ತಳತೆ 28.5. ಬರುವುದು 55 ಪೌಂಡಿಗೂ ತುಸು ಕಡಿಮೆ. ತಕ್ಕಡಿ ಹೇಳಿದ್ದು 64! ಟೇಪನ್ನು ನಂಬಿ ಬಿಟ್ಟಿದ್ದರೆ ಬ್ರಿಟನ್ನಿನ ದಾಖಲೆ ಒಂಬತ್ತು ಪೌಂಡ್ ಕಳೆದುಕೊಳ್ಳುತ್ತಿತ್ತು. ಆದ್ದರಿಂದ ಫಲಕದ ಮೇಲೆ ಲೆಕ್ಕ ಹಾಕಿದ ತೂಕವನ್ನು ತೂಗಿದ ತೂಕದಂತೆ ಬರೆಸಬಾರದು. ಅಳೆದದ್ದನ್ನು ಅಳೆದದ್ದೆಂದು, ಅಂದಾಜನ್ನು ಅಂದಾಜೆಂದು ಬರೆಸಬೇಕು. ಇಷ್ಟು ಪ್ರಾಮಾಣಿಕತೆ ಇದ್ದರೆ ಅಚ್ಚು ಯಾವ ಮೀನಿನದಾದರೂ ಪ್ರತಿಕೃತಿ ತನ್ನ ಮೀನಿಗೆ ದ್ರೋಹ ಮಾಡುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ವಿಜ್ಞಾನದ ಕಡೆಯಿಂದ ಬರುತ್ತದೆ. ಫೈಬರ್‌ಗ್ಲಾಸಿನಲ್ಲಿ ಮೂಳೆಯಿಲ್ಲ, ಹುರುಪೆಯಿಲ್ಲ, ಡಿಎನ್‌ಎ ಇಲ್ಲ. ನಾಳೆ ಆ ಮೀನಿನ ಸಂತತಿಯೇ ಅಳಿದರೆ ಸಂಶೋಧಕರು ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ನಮ್ಮ ಕಾವೇರಿಯಲ್ಲೇ ಇದೆ. ಗಾಳದ ಹವ್ಯಾಸಕ್ಕೂ ಕನ್ನಡನಾಡಿಗೂ ನಂಟು ಹಳೆಯದು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಕಾವೇರಿ ಸೀಮೆಯವರು ಬಿಳಿಮೀನು ಅನ್ನುವ ಮಹಶೀರ್ ಆ ಕಾಲದ ಬಿಳಿಯ ಬೇಟೆಗಾರರಿಗೆ ಸಾಲ್ಮನ್ನಿಗೆ ಸಮನಾದ ಮೀನು. ಮೈಸೂರಿನ ವ್ಯಾನ್ ಇಂಗೆನ್ ಮನೆತನ 1900ರ ಹೊತ್ತಿಗೆ ಶುರುಮಾಡಿದ ಚರ್ಮ ತುಂಬುವ ಕಾರ್ಖಾನೆ ಶತಮಾನದ ಕೊನೆಯವರೆಗೂ ನಡೆಯಿತು. ಮಹಾರಾಜರು ಹೊಡೆದ ಹುಲಿ ಚಿರತೆಗಳಿಗೆ ಜೀವಕಳೆ ಕೊಡುವುದರಲ್ಲಿ ಅವರಿಗೆ ಸಾಟಿಯಿರಲಿಲ್ಲ. ಆ ಮನೆಯ ಜೆ. ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದರು. ಮಹಶೀರ್‌ಗಳಲ್ಲೇ ಅದು ದಾಖಲೆ. ಇಷ್ಟು ಹೆಸರಿದ್ದ ಮೀನಿಗೆ, ಹೆಗಲು ಉಬ್ಬಿದ ಆ ಕಾವೇರಿ ಮಹಶೀರ್‌ಗೆ, ಖಚಿತವಾದ ವೈಜ್ಞಾನಿಕ ಹೆಸರು ಮಾತ್ರ ಬಹುಕಾಲ ಇರಲಿಲ್ಲ. 2018ರಲ್ಲಿ ಸಂಶೋಧಕರು ಅದು ಟಾರ್ ರೆಮಾದೇವಿ ಎಂದು ಸ್ಥಿರಪಡಿಸಿದರು. ಅಳಿವಿನ ಅಂಚಿಗೆ ತೀರಾ ಸಮೀಪವಿದೆ ಎಂದು ಅದೇ ವರ್ಷ ಸಾರಲಾಯಿತು. ಅದು ಕ್ಷೀಣಿಸುತ್ತಿರುವ ಸಂಗತಿ ತಿಳಿದದ್ದು ಹೇಗೆ? ಗೋಡೆಯ ಮೇಲಿನ ಚರ್ಮಗಳಿಂದಲ್ಲ. ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ, ಹಿಡಿದು ಬಿಟ್ಟ ಒಂದೊಂದು ಮೀನಿನ ತೂಕ, ಬಗೆ, ಹಿಡಿಯಲು ಕಳೆದ ಹೊತ್ತನ್ನು ಬರೆದಿಟ್ಟ ದಿನಚರಿಗಳಿಂದ. ಒಳಗೆ ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಹೆಚ್ಚುತ್ತ ಹೋಗಿ, ನೆಲದ ಬಿಳಿಮೀನು ಕಡಿಮೆಯಾಗುತ್ತ ಹೋದದ್ದು ಆ ಪುಟಗಳಲ್ಲಿ ಸ್ಪಷ್ಟವಾಗಿತ್ತು. ಅಲ್ಲಿನ ಮೀನುಗಳೆಲ್ಲ ಹೊಳೆಗೆ ಮರಳಿದ್ದವು; ಸಾಕ್ಷ್ಯ ಹೇಳಿದ್ದು ಬರಹ.

ಬರಹವೂ ಫೋಟೋವೂ ಇದ್ದ ಮೇಲೆ ಪ್ರತಿಕೃತಿಯಾದರೂ ಯಾಕೆ ಎನ್ನುವವರೂ ಇದ್ದಾರೆ. ಫೋಟೋ ಗಾತ್ರ ಹೇಳುವುದಿಲ್ಲ. ಕೈ ಮುಂದೆ ಚಾಚಿ ಹಿಡಿದರೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆ. ಪೂರಾ ಅಳತೆಯ ಆಕೃತಿಯೊಂದು ಗೋಡೆಯ ಮೇಲಿದ್ದರೆ, ಇಂಥ ಮೀನು ಈ ಹೊಳೆಯಲ್ಲಿತ್ತು ಎಂಬುದು ಮಕ್ಕಳಿಗೂ ಕಣ್ಣಾರೆ ತಿಳಿಯುತ್ತದೆ. ಆ ಸಂಭ್ರಮ ಬೇಡವೆನ್ನಲು ನನಗೆ ಮನಸ್ಸು ಬಾರದು. ಬಿಟ್ಟ ಮೀನೆಲ್ಲ ಬದುಕುತ್ತದೆಂಬ ಭರವಸೆಯಿಲ್ಲ ಎಂಬ ಮಾತು ಮಾತ್ರ ಸತ್ಯ. ಅಳೆಯುವ ನೆಪದಲ್ಲಿ ಗಾಳಿಯಲ್ಲಿ ಹಿಡಿದಷ್ಟೂ ಹೊತ್ತು ಅದಕ್ಕೆ ಉಸಿರಿಲ್ಲ. ಒಣಗೈಯಿಂದ ಮುಟ್ಟಿದರೆ ಮೈಯ ಲೋಳೆ ಕಿತ್ತುಬರುತ್ತದೆ. ಬೇಸಿಗೆಯಲ್ಲಿ ನೀರು ಬೆಚ್ಚಗಾದರೆ ಅಪಾಯ ಇನ್ನೂ ಹೆಚ್ಚು. ಪ್ರತಿಕೃತಿ ಮಾಡಿಸುವ ಆಸೆಯಿದ್ದವರು ಟೇಪನ್ನು ಮೊದಲೇ ಜೇಬಿನಲ್ಲಿ ಇಟ್ಟುಕೊಂಡಿರಬೇಕು, ಕೈ ಒದ್ದೆ ಮಾಡಿಕೊಂಡಿರಬೇಕು, ಮೀನನ್ನು ನೀರಿನಲ್ಲೇ ಇಟ್ಟು ಮೂತಿಯಿಂದ ಬಾಲದ ಕವಲಿನವರೆಗೆ ಒಮ್ಮೆ, ಬೆನ್ನಿನ ರೆಕ್ಕೆಯ ಮುಂದೆ ಸುತ್ತ ಒಮ್ಮೆ ಅಳೆದು ಬಿಡಬೇಕು.

ಬಿಟ್ಟ ಮೇಲೆ ಬಲೆಚೀಲವನ್ನು ಒಮ್ಮೆ ನೋಡುವುದು ಒಳ್ಳೆಯದು. ಕೆಲವು ಸಲ ಒಂದೆರಡು ಹುರುಪೆ ಅಂಟಿಕೊಂಡಿರುತ್ತವೆ. ಮರದ ಕಾಂಡದಂತೆ ಹುರುಪೆಯಲ್ಲೂ ಬಳೆಗಳಿರುತ್ತವೆ; ಚಳಿಗಾಲದಲ್ಲಿ ಒತ್ತೊತ್ತಾಗಿ, ಮೇವು ಹೆಚ್ಚಿರುವ ಕಾಲದಲ್ಲಿ ಅಗಲವಾಗಿ. ಬ್ಯಾಲಂಟೈನ್ ಅವರ ಮೀನಿನ ಎರಕ ತೆಗೆದ ಅಂಗಡಿಯನ್ನು ಕಟ್ಟಿದ ಪಿ. ಡಿ. ಮಾಲಕ್ 1910ರ ತಮ್ಮ ಪುಸ್ತಕದಲ್ಲಿ ಸಾಲ್ಮನ್, ಟ್ರೌಟ್‌ಗಳ ಜೀವನಚರಿತ್ರೆ ಬರೆದವರು. ಹುರುಪೆಯ ಬಳೆ ಎಣಿಸಿ ವಯಸ್ಸು ಹೇಳುವ ವಿದ್ಯೆ ಟೇ ನದಿಯ ದಡದಲ್ಲಿ ಬೆಳೆದದ್ದು ಅವರ ಕಾಲದಲ್ಲೇ. ಆ ಹುರುಪೆಯನ್ನು ಒಣ ಲಕೋಟೆಯಲ್ಲಿ ಹಾಕಿ, ಮೇಲೆ ದಿನ, ಹೊಳೆ, ಉದ್ದ, ಸುತ್ತಳತೆ ಬರೆದು, ಪ್ರತಿಕೃತಿ ಬಂದಾಗ ಅದರ ಹಲಗೆಯ ಹಿಂಬದಿಗೆ ಅಂಟಿಸಿದರೆ ಗೋಡೆಯ ಮೇಲಿನ ಮೀನಿಗೆ ವಯಸ್ಸೂ ಬರುತ್ತದೆ, ಡಿಎನ್‌ಎಯೂ ಬರುತ್ತದೆ.