ಇಲಿಯ ಹೆಸರಿನಲ್ಲಿ ಅಡಗಿದ ಗುರುತು

ಜೋಳದ ತೆನೆ ಕತ್ತರಿಸಿ ಬಿದ್ದಿದ್ದರೆ ‘ಇಲಿಯ ಕಾಟ’ ಎಂದು ಹೇಳಿ ಸುಮ್ಮನಾಗುತ್ತೇವೆ. ಯಾವ ಇಲಿ? ಭರಮಸಾಗರದ ನನ್ನ ತರಗತಿಯಲ್ಲಿ ಹೀಗೆ ಕೇಳಿದಾಗ ಮಕ್ಕಳು ನಕ್ಕರು. ಇಲಿಯೆಂದರೆ ಇಲಿ ತಾನೆ! ಆದರೆ, ವಾಚಕರೇ, ಸುಮಾರು ಇನ್ನೂರು ವರ್ಷಗಳ ಹಿಂದೆ ಈ ಪ್ರಶ್ನೆಗೆ ನಗದೆ ಉತ್ತರ ಕೊಡಬಲ್ಲವರು ನಮ್ಮ ನಾಡಿನಲ್ಲಿದ್ದರು. ಅವರನ್ನು ಕಾಣಲು ಧಾರವಾಡದ ಕಡೆ ಹೋಗಬೇಕು. ಅಲ್ಲಿಯೂ ನೆಲ ನಮ್ಮದರಂತೆಯೇ. ಎರೆಯೂ ಉಂಟು, ಕೆಂಪೂ ಉಂಟು.

ವಾಲ್ಟರ್ ಎಲಿಯಟ್ಟರ ಹೆಸರು ಶಾಸನಾಭ್ಯಾಸಿಗಳಿಗೆ ಪರಿಚಿತ. ಧಾರವಾಡ ಸೀಮೆಯಲ್ಲಿ ಕಂಪನಿಯ ಅಧಿಕಾರಿಯಾಗಿದ್ದು, 1824ರಲ್ಲಿ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಸೆರೆಯಾಳಾಗಿ, ಮುಂದೆ ನೂರಾರು ಶಾಸನಗಳನ್ನು ಪ್ರತಿಮಾಡಿಸಿದವರು ಅವರೇ. 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಅವರು ಆ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದರು. ಲ್ಯಾಟಿನ್ ಹೆಸರುಗಳ ಜೊತೆಗೆ ಕನ್ನಡದ ಹೆಸರುಗಳನ್ನೂ ಒಡ್ಡರ ಹೆಸರುಗಳನ್ನೂ ಕೊಟ್ಟರು. ನೆಲವನ್ನು ಅಗೆದು ಇಲಿ ಹಿಡಿಯುತ್ತಿದ್ದ, ಇಂದು ಭೋವಿಗಳೆನಿಸುವ ಆ ಜನರೇ ಈ ವಿಷಯದಲ್ಲಿ ಅವರಿಗೆ ಗುರುಗಳು.

ಹೆಸರುಗಳನ್ನು ಸ್ವಲ್ಪ ಪರಿಶೀಲಿಸಿ ನೋಡಿ. ಒಡ್ಡರು ‘ಮೆತ್ತಡೆ’ ಎಂದದ್ದು ಎರೆಹೊಲದ ಬಿರುಕುಗಳಲ್ಲಿ ವಾಸಿಸುವ ಇಲಿಯನ್ನು. ಅದರ ತುಪ್ಪಳು ಮುಟ್ಟಿದರೆ ಮೆತ್ತಗೆ. ಕನ್ನಡದ ‘ಗುಲಂದಿ’ ಗಾತ್ರದಲ್ಲಿ ಅದಕ್ಕೆ ಸಮೀಪವಾದರೂ ಕೂದಲು ಒರಟು, ಮೇಲಿನ ಬಾಚಿಹಲ್ಲುಗಳಲ್ಲಿ ಉದ್ದನೆಯ ಗೀರು, ವಾಸ ಪೊದೆಯೊಳಗಿನ ಹುಲ್ಲುಗೂಡಿನಲ್ಲಿ. ಇನ್ನು ‘ಕಲ್ಲಿಲಿ’ ಚಿಕ್ಕದು. ಮೈಮೇಲೆ ಮುಳ್ಳಿನಂತಹ ಗೂದಲು. ಕೆಂಪು ಗರಸುನೆಲದಲ್ಲಿ ಬಿಲ ತೋಡಿ, ಒಳಗಿರುವಾಗ ಸಣ್ಣ ಕಲ್ಲುಗಳಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ.

ಇದು ಬರಿಯ ಪಾಂಡಿತ್ಯವಲ್ಲ. ಮುಂಗಾರಿನ ಮೊದಲ ಮಳೆಗೆ ಎರೆಯ ಬಿರುಕು ಮುಚ್ಚಿಕೊಂಡು ಮೆತ್ತಡೆಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ. 1826ರಲ್ಲಿ ಆ ಮಳೆ ಸಾಲದೆ ಹೋಯಿತು. ಅವು ಮಿತಿಮೀರಿ ಹೆಚ್ಚಿದವು. ಬಿತ್ತಿದ ಬೀಜವನ್ನು ತಿಂದವು. ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರಿಗೆ ಕಂದಾಯ ಕಟ್ಟಲಾಗದಷ್ಟು ಹೊಲಗಳು ಹಾಳಾದುದನ್ನು ಎಲಿಯಟ್ಟರು ಕಣ್ಣಾರೆ ಕಂಡರು. ಡಜನ್ ಲೆಕ್ಕದಲ್ಲಿ ಕಾಳು ಅಳೆಸಿಕೊಂಡು ಒಡ್ಡರು ಸಾವಿರಾರು ಕೊಂದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲ. ಬಿರುಕಿನ ಇಲಿ ಯಾವುದೆಂದು ಬಲ್ಲವನಿಗೆ ಮಾತ್ರ ಆ ವರ್ಷದ ಸಂಕಟದ ಕಾರಣ ತಿಳಿದೀತು.

ಅಷ್ಟರಲ್ಲಿ, 1837ರಲ್ಲೇ, ಲಂಡನ್ನಿನ ಗ್ರೇ ಎಂಬ ವಿದ್ವಾಂಸರು ಧಾರವಾಡದ ಈ ಇಲಿಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದ್ದರು. ಗುಲಂದಿ ‘ಗೊಲುಂಡ ಎಲಿಯಟಿ’ ಆಯಿತು. ಮೆತ್ತಡೆ ‘ಮೆಲ್ಟಡ’ ಆಯಿತು. ಒತ್ತಕ್ಷರವೊಂದು ಓದುವಲ್ಲಿ ತಪ್ಪಿದಂತೆ ತೋರುತ್ತದೆ. ಓಲೆಗರಿಯ ಲಿಪಿಕಾರರ ಸ್ಖಾಲಿತ್ಯಗಳನ್ನು ಕಂಡ ನಮಗೆ ಇದೇನೂ ಹೊಸದಲ್ಲ. ಇಂದಿಗೂ ಜಗತ್ತಿನ ಪ್ರಾಣಿಶಾಸ್ತ್ರಜ್ಞರು ಅದನ್ನು ‘ಮಿಲ್ಲಾರ್ಡಿಯ ಮೆಲ್ಟಡ’ ಎಂದೇ ಬರೆಯುತ್ತಾರೆ.

ಹೀಗೆ ಆ ಹೆಸರುಗಳಲ್ಲಿ ಎಲಿಯಟ್ಟರು ಉಳಿದಿದ್ದಾರೆ. ಅಗೆದು ತೋರಿಸಿದವರ ಮಾತು ಉಳಿದಿದೆ, ಅವರ ಹೆಸರು ಉಳಿದಿಲ್ಲ. ಲ್ಯಾಟಿನ್ನಿನಲ್ಲಿ ಬದುಕಿರುವ ಈ ಮಾತುಗಳು ನಮ್ಮ ಮಕ್ಕಳ ಬಾಯಲ್ಲಿ ಇಲ್ಲ. ಇನ್ನೊಮ್ಮೆ ಹೊಲದ ಬದುವಿನ ಮೇಲೆ ನಿಂತಾಗ ತಾವು ಸ್ವಲ್ಪ ಬಗ್ಗಿ ನೋಡಿ: ಬಿರುಕೋ, ಪೊದೆಯೋ, ಕಲ್ಲಿನ ಬಾಗಿಲೋ? ಜೊತೆಗೆ ನೆಲ ಅಗೆಯುವ ಹಿರಿಯರೊಬ್ಬರಿದ್ದರೆ ಅದರ ಹೆಸರೇನೆಂದು ಕೇಳಿ, ಬರೆದಿಟ್ಟುಕೊಳ್ಳಿ. ಹೇಳಿದವರ ಹೆಸರನ್ನೂ ಸೇರಿಸಿ.