ಖಾವೊ ಲಾಕ್: ಕ್ರಿಸ್‌ಮಸ್ ರಜೆಯ ಕಡಲತೀರ

ಥಾಯ್ಲೆಂಡ್‌ನ ಫುಕೆಟ್ ದ್ವೀಪದ ಉತ್ತರಕ್ಕೆ, ಅಂಡಮಾನ್ ಸಮುದ್ರದ ದಡದಲ್ಲಿರುವ ವಿಹಾರತಾಣ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಇಲ್ಲಿ ಮಳೆ ಕಡಿಮೆ, ಕಡಲು ಶಾಂತ. ಚಳಿಯಿಂದ ತಪ್ಪಿಸಿಕೊಳ್ಳಬಯಸುವ ಯುರೋಪಿಯನ್ನರು, ಅದರಲ್ಲೂ ಸ್ವೀಡನ್ ಮತ್ತು ಜರ್ಮನಿಯವರು, ಕ್ರಿಸ್‌ಮಸ್ ರಜೆಗೆ ಇಲ್ಲಿಗೆ ಬರುವುದು ವಾಡಿಕೆ.

2004ರ ಡಿಸೆಂಬರ್ 26ರ ಬೆಳಿಗ್ಗೆ ಸುಮಾತ್ರಾ ಬಳಿ ಸಂಭವಿಸಿದ ಭೂಕಂಪದಿಂದ ಎದ್ದ ಸುನಾಮಿ, ಸುಮಾರು ಎರಡು ಗಂಟೆಗಳ ನಂತರ ಈ ತೀರಕ್ಕೆ ಅಪ್ಪಳಿಸಿತು. ಅದಕ್ಕೂ ಮುನ್ನ ಕಡಲು ಬಹುದೂರ ಹಿಂದೆ ಸರಿದಿತ್ತು. ಅದು ಅಪಾಯದ ಮುನ್ಸೂಚನೆಯೆಂದು ಅರಿಯದೆ ಹಲವರು ಕುತೂಹಲದಿಂದ ನೋಡುತ್ತ ನಿಂತಿದ್ದರು. ಥಾಯ್ಲೆಂಡ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಫುಕೆಟ್‌ನ ಮಾಯ್ ಖಾವೊ ತೀರದಲ್ಲಾದರೋ, ಶಾಲೆಯ ಭೂಗೋಳ ಪಾಠ ನೆನಪಿದ್ದ ಹತ್ತು ವರ್ಷದ ಬ್ರಿಟಿಷ್ ಬಾಲಕಿ ಟಿಲ್ಲಿ ಸ್ಮಿತ್ ನೊರೆಯೇಳುತ್ತಿದ್ದ ನೀರನ್ನು ಕಂಡು ಎಚ್ಚರಿಸಿದ್ದರಿಂದ ಜನರೆಲ್ಲ ಪಾರಾದರು.

ಸುಮಾರು ಎರಡು ಕಿಲೋಮೀಟರ್ ಒಳನಾಡಿಗೆ ಕೊಚ್ಚಿಬಂದ ಪೊಲೀಸ್ ಗಸ್ತುದೋಣಿ ‘813’ ಇಂದು ಖಾವೊ ಲಾಕ್‌ನಲ್ಲಿ ಸ್ಮಾರಕವಾಗಿ ಉಳಿದಿದೆ. ಎತ್ತರದ ಸ್ಥಳಕ್ಕೆ ದಾರಿ ತೋರುವ ಫಲಕಗಳನ್ನು ಪ್ರವಾಸಿಗರು ಮೊದಲ ದಿನವೇ ಗಮನಿಸಿಟ್ಟುಕೊಳ್ಳುವುದು ಒಳಿತು.